ಅಂಗಡಿ ಕೊಳ್ಳುವಾಗ ಕೊಟ್ಟ ಮಾತು ಕೋರ್ಟಿನಲ್ಲಿ ನಿಲ್ಲುತ್ತದೆಯೇ?

ವ್ಯಾಪಾರ ಮಾರಾಟದಲ್ಲಿ ಬಾಯಿಮಾತಿನ ಕರಾರೂ ಸಿಂಧು. ಬರವಣಿಗೆ ಬೇಕೇಬೇಕೆಂದು ಬೇರೆ ಕಾನೂನು ಹೇಳದಿದ್ದರೆ ಸಾಕು, 1872ರ ಭಾರತೀಯ ಕರಾರು ಕಾಯ್ದೆ ಅದನ್ನು ಒಪ್ಪುತ್ತದೆ. ಜಾಗ, ಕಟ್ಟಡ ಸೇರಿದ್ದರೆ ಮಾತ್ರ ನೋಂದಣಿಯಾದ ಖರೀದಿಪತ್ರ ಬೇಕು.

ಮಹಾರಾಷ್ಟ್ರದ ಜತ್ತ ತಾಲೂಕಿನ ಸನಮಡಿಯಂಥ ಊರಲ್ಲಿ ಕಿರಾಣಿ ಅಂಗಡಿ ಕೈಬದಲಾಯಿತು ಎನ್ನೋಣ. ಉದ್ರಿ ವಸೂಲಿ ಮಾಡಿಕೊಡುವೆ, ಬಾಕಿ ಏನೂ ಇಲ್ಲ, ಈ ಊರಲ್ಲಿ ಮತ್ತೆ ಅಂಗಡಿ ಹಾಕುವುದಿಲ್ಲ ಎಂದು ಮಾರಿದವರು ಹೇಳಿರುತ್ತಾರೆ. ಆಮೇಲೆ ಸಹಿ ಬಿದ್ದ ಸ್ಟಾಂಪ್ ಕಾಗದದಲ್ಲಿ ಇವು ಯಾವುವೂ ಇರುವುದಿಲ್ಲ. ತೊಡಕು ಅಲ್ಲೇ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 95ನೇ ಕಲಂ ಪ್ರಕಾರ, ಬರೆದ ಷರತ್ತನ್ನು ಬದಲಿಸುವ ಬಾಯಿಮಾತಿಗೆ ಸಾಕ್ಷಿ ಹೇಳಲಾಗದು. ಕಾಗದ ಸುಮ್ಮನಿರುವ ವಿಷಯದಲ್ಲಿ, ಅದಕ್ಕೆ ವಿರುದ್ಧವಲ್ಲದ ಮಾತು ಆಗಿದ್ದರೆ ರುಜುವಾತು ಮಾಡಬಹುದು. ‘ಇದರ ಹೊರತು ಬೇರೆ ಮಾತಿಲ್ಲ’ ಎಂಬ ಸಾಲಿದ್ದರೆ ಆ ದಾರಿಯೂ ಕಿರಿದಾಗುತ್ತದೆ. ಸಹಿಗೆ ಮೊದಲು ಹುಡುಕಬೇಕಾದ ಸಾಲು ಅದು.

ಮೋಸವಾಗಿದ್ದರೆ ಮಾತು ಬೇರೆ. ನಡೆಸಿಕೊಡುವ ಉದ್ದೇಶವೇ ಇಲ್ಲದೆ ಕೊಟ್ಟ ಮಾತನ್ನು ಕರಾರು ಕಾಯ್ದೆಯ 17ನೇ ಕಲಂ ಮೋಸವೆಂದೇ ಕರೆಯುತ್ತದೆ. ಆಗ ಕೊಂಡವರು ಕರಾರು ರದ್ದು ಮಾಡಿಸಬಹುದು. ‘ಒಳ್ಳೆ ನಡೆಯೋ ಅಂಗಡಿ’ ಎಂಬ ಹೊಗಳಿಕೆ ಇದರಲ್ಲಿ ಬಾರದು. ದಿನದ ವ್ಯಾಪಾರದ ಅಂಕಿಯನ್ನೇ ಸುಳ್ಳು ಹೇಳಿದ್ದರೆ ಬಂದೀತು.

ಮತ್ತೆ ಅಂಗಡಿ ಹಾಕುವುದಿಲ್ಲ ಎಂಬ ಕರಾರು ಸಾಮಾನ್ಯವಾಗಿ ಅಸಿಂಧು. ಆದರೆ ವ್ಯಾಪಾರದ ಹೆಸರು, ಗಿರಾಕಿಗಳ ನಂಬಿಕೆಯನ್ನೂ ಸೇರಿಸಿ ಮಾರಿದಾಗ ಕರಾರು ಕಾಯ್ದೆಯ 27ನೇ ಕಲಂ ವಿನಾಯಿತಿ ಕೊಡುತ್ತದೆ. ಊರಿನ ಮೇರೆ ಗೊತ್ತುಮಾಡಿರಬೇಕು, ಅದು ನ್ಯಾಯವಾಗಿಯೂ ಇರಬೇಕು. ಮೇರೆ ಹೇಳದ ಬಾಯಿಮಾತು ಇಲ್ಲಿ ಸೋಲುವುದೇ ಹೆಚ್ಚು.

‘ಬಾಕಿ ಇಲ್ಲ’ ಎಂಬ ಮಾತನ್ನಂತೂ ನಂಬಿ ಕೂರಬಾರದು. ಜಿಎಸ್‌ಟಿ ಕಾಯ್ದೆಯ 85ನೇ ಕಲಂ ಪ್ರಕಾರ, ಹಸ್ತಾಂತರದವರೆಗಿನ ತೆರಿಗೆಗೆ ಮಾರಿದವರ ಜತೆ ಕೊಂಡವರೂ ಹೊಣೆ.

ಸಾಕ್ಷ್ಯವಾಗಿ ಇಸಾರ ಕೊಟ್ಟಾಗ ಇದ್ದವರ ಹೇಳಿಕೆ, ಬ್ಯಾಂಕ್ ಜಮಾ, ವಾಟ್ಸ್‌ಆ್ಯಪ್ ಸಂದೇಶ, ಕರೆಯ ರೆಕಾರ್ಡಿಂಗ್ ಬಳಕೆಯಾಗುತ್ತವೆ. ಫೋನಿನಿಂದ ತೆಗೆದ ಪ್ರತಿಗೆ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಮಾಣಪತ್ರ ಬೇಕು. ಮಹಾರಾಷ್ಟ್ರದ ಕೆಳಕೋರ್ಟುಗಳ ಭಾಷೆ ಮರಾಠಿ. ಕನ್ನಡದ ಸಂದೇಶ, ಲೆಕ್ಕದ ವಹಿಗಳ ಅನುವಾದವನ್ನು ಮೊದಲೇ ಮಾಡಿಸಿಟ್ಟುಕೊಳ್ಳುವುದು ಜಾಣತನ. ಸಾಕ್ಷಿಗೆ ಮರಾಠಿ ತಿಳಿಯದಿದ್ದರೆ, ಬರೆದುಕೊಂಡ ಹೇಳಿಕೆಯನ್ನು ಅವರಾಡಿದ ಭಾಷೆಯಲ್ಲೇ ವಿವರಿಸಬೇಕೆಂದು ಸಿವಿಲ್ ಪ್ರಕ್ರಿಯಾ ಸಂಹಿತೆ ಹೇಳುತ್ತದೆ.

ಮೊದಲ ಹೆಜ್ಜೆ ವಕೀಲರ ನೋಟಿಸು, ಆಮೇಲೆ ಸಿವಿಲ್ ದಾವೆ. ಪರಿಹಾರದ ದಾವೆಗೆ ಮಾತು ಮುರಿದ ದಿನದಿಂದ 3 ವರ್ಷ, ರದ್ದತಿಗೆ ಸತ್ಯ ತಿಳಿದ ದಿನದಿಂದ 3 ವರ್ಷ ಅವಧಿ. ಮಹಿಳೆಯರು, ಪರಿಶಿಷ್ಟ ಜಾತಿ-ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವಿನ ಹಕ್ಕಿದೆ. ಸಹಾಯವಾಣಿ ಸಂಖ್ಯೆ 15100.