ನಮ್ಮ ಚರಂಡಿಯ ನೀರು, ನಮ್ಮ ಅಡುಗೆಮನೆಯ ಸೊಪ್ಪು

ಅಕ್ಕಿ, ಬೇಳೆ, ಎಣ್ಣೆ ಯಾವ ದರ್ಜೆಯದು, ಎಲ್ಲಿಂದ ಬಂತು ಎಂದು ಹೋಟೆಲಿನವರಾದ ನಾವು ವಿಚಾರಿಸಿಯೇ ಕೊಳ್ಳುತ್ತೇವೆ. ಕೊತ್ತಂಬರಿ, ಪುದೀನ, ಪಾಲಕ್ ಮಾತ್ರ ಹಸಿರಾಗಿದ್ದರೆ ಸಾಕು. ಸೊಪ್ಪು ಬೇಗ ಬಾಡುವ ಪದಾರ್ಥವಾದ್ದರಿಂದ ನಗರದ ಅಂಚಿನಲ್ಲೇ ಹೆಚ್ಚಾಗಿ ಬೆಳೆಯುತ್ತದೆ. ಅಲ್ಲಿ ವರ್ಷವಿಡೀ ಸಿಗುವ ನೀರು ಅನೇಕ ಕಡೆ ನಗರವೇ ಬಳಸಿ ಬಿಟ್ಟ ನೀರು.

ಹೈದರಾಬಾದಿನ ಮೂಸಿ ನದಿ ಇದಕ್ಕೆ ಒಳ್ಳೆಯ ಪಾಠ. ಅನಂತಗಿರಿ ಬೆಟ್ಟದಲ್ಲಿ ಹುಟ್ಟುವ ಈ ನದಿಗೆ 1908ರಲ್ಲಿ ಮಹಾಪ್ರವಾಹ ಬಂದಾಗ ನಿಜಾಮರು ಸಲಹೆ ಕೇಳಿದ್ದು ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರನ್ನು. ಆಮೇಲೆ ನಗರದ ಮೇಲ್ಭಾಗದಲ್ಲಿ ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಜಲಾಶಯಗಳಾದವು. ಬೇಸಿಗೆಯಲ್ಲಿ ನಗರದ ಕೆಳಗೆ ಹರಿಯುವುದು ಬಹುಪಾಲು ಕೊಳಚೆ ನೀರು. ಆ ನೀರಿನಲ್ಲೇ ಸೊಪ್ಪು, ಎಮ್ಮೆಗಳಿಗೆ ಹುಲ್ಲು ಮತ್ತು ಭತ್ತ ಬೆಳೆಯುತ್ತಾರೆ.

ಇದರಲ್ಲಿ ಲಾಭವೂ ಇದೆ. ಕೊಳಚೆಯಲ್ಲಿ ಸಾರಜನಕ, ರಂಜಕ ಇರುವುದರಿಂದ ಗೊಬ್ಬರದ ಖರ್ಚು ತಗ್ಗುತ್ತದೆ, ಸಾಗಾಟದ ಡೀಸೆಲ್ ಉಳಿಯುತ್ತದೆ, ಬಡ ರೈತನಿಗೆ ದಿನಗೂಲಿ ಹುಟ್ಟುತ್ತದೆ. ನಷ್ಟ ಮೂರು ಬಗೆಯದು. ಒಂದು, ರೋಗಾಣು ಮತ್ತು ಜಂತುಹುಳುವಿನ ಮೊಟ್ಟೆ. ಎರಡು, ಮಣ್ಣಿನಲ್ಲಿ ಸೇರುತ್ತಾ ಹೋಗುವ ಉಪ್ಪು. ಮೂರು, ಕಾರ್ಖಾನೆಗಳಿಂದ ಬರುವ ಸೀಸ, ಕ್ಯಾಡ್ಮಿಯಂನಂಥ ಲೋಹಗಳು. ನದಿಯ ಅಡ್ಡಕಟ್ಟುಗಳಲ್ಲಿ ನೀರು ನಿಂತು ಸಾಗಿದಂತೆ ರೋಗಾಣು ಕಡಿಮೆಯಾಗುತ್ತದೆ. ಉಪ್ಪು ಹಾಗೆ ಹೋಗುವುದಿಲ್ಲ. ಕ್ಯಾಡ್ಮಿಯಂ ಕಾಯಿಗಿಂತ ಎಲೆಯಲ್ಲಿ ಹೆಚ್ಚು ಸೇರುತ್ತದೆ. ಗಿಡದೊಳಗೆ ಹೋದದ್ದು ತೊಳೆದರೂ ಬೇಯಿಸಿದರೂ ಹೋಗದು.

ಅಡುಗೆಮನೆಯಲ್ಲಿ ನಮ್ಮ ಕೈಯಲ್ಲಿರುವುದು ರೋಗಾಣುವಿನ ಕೆಲಸ. ವಿಶ್ವ ಆರೋಗ್ಯ ಸಂಸ್ಥೆಯ 2006ರ ಮಾರ್ಗಸೂಚಿಯ ಲೆಕ್ಕದಲ್ಲಿ ಶುದ್ಧ ನೀರಿನಲ್ಲಿ ತೊಳೆದರೆ ರೋಗಾಣು ಹತ್ತರಲ್ಲಿ ಒಂದು ಪಾಲಿಗೆ, ಸೋಂಕುನಿವಾರಕದಲ್ಲಿ ತೊಳೆದು ಜಾಲಿಸಿದರೆ ನೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಬೇಯಿಸಿದರೆ ಹೆಚ್ಚುಕಡಿಮೆ ಎಲ್ಲವೂ ಸಾಯುತ್ತವೆ. ಆದ್ದರಿಂದ ಸಾಂಬಾರಿನ ಸೊಪ್ಪಿಗಿಂತ ಹಸಿ ಚಟ್ನಿ, ಕೋಸಂಬರಿ ಮತ್ತು ಉಪ್ಪಿಟ್ಟಿನ ಮೇಲೆ ಉದುರಿಸುವ ಕೊತ್ತಂಬರಿಯ ಬಗ್ಗೆ ನಾವು ಹೆಚ್ಚು ಎಚ್ಚರ ವಹಿಸಬೇಕು. ಬೇರು ಕತ್ತರಿಸಿ, ಮಣ್ಣು ಹೋಗುವಂತೆ ಮೊದಲು ತೊಳೆಯಬೇಕು. ನಂತರ 50 ಪಿಪಿಎಂ ಕ್ಲೋರಿನ್ ನೀರಿನಲ್ಲಿ ಕೆಲವು ನಿಮಿಷ ಮುಳುಗಿಸಿ, ಕುಡಿಯುವ ನೀರಿನಲ್ಲಿ ಜಾಲಿಸಬೇಕು. ಶೇಕಡಾ 5ರ ಆಹಾರ ದರ್ಜೆಯ ಹೈಪೋಕ್ಲೋರೈಟ್ ದ್ರಾವಣವಾದರೆ 100 ಲೀಟರ್ ನೀರಿಗೆ 100 ಮಿಲಿಲೀಟರ್ ಸಾಕು. ಬಟ್ಟೆ ಒಗೆಯುವ ಸುವಾಸನೆಯ ಬ್ಲೀಚ್ ಬೇಡವೇ ಬೇಡ.

ಲೋಹದ ಭಯಕ್ಕೆ ಮದ್ದು ಖರೀದಿಯಲ್ಲೇ ಇದೆ. ತರಕಾರಿಯವನನ್ನು ಯಾವ ಊರಿನ ಸೊಪ್ಪು, ಯಾವ ನೀರು ಎಂದು ಕೇಳೋಣ. ಕೈಗಾರಿಕಾ ಪ್ರದೇಶದ ಕೆಳಗಿನ ಹೊಲದ ಸೊಪ್ಪು ಬೇಡವೆನ್ನೋಣ. ನಾಲ್ಕೈದು ಹೋಟೆಲುಗಳು ಕೂಡಿ ಶುದ್ಧ ಬಾವಿ ನೀರಿನ ರೈತನಿಗೆ ದಿನದ ಖರೀದಿಯ ಭರವಸೆ ಕೊಟ್ಟರೆ ಕಿಲೋಗೆ ಎರಡು ರೂಪಾಯಿ ಹೆಚ್ಚಾದರೂ ನಷ್ಟವಿಲ್ಲ.

ಕೊನೆಗೆ ನಮ್ಮ ಪಾಲು. ಆ ಕೊಳಚೆಯಲ್ಲಿ ನಮ್ಮ ಪಾತ್ರೆ ತೊಳೆದ ನೀರೂ ಇದೆ. ಗ್ರೀಸ್ ಟ್ರ್ಯಾಪ್ ವಾರಕ್ಕೊಮ್ಮೆಯಾದರೂ ತೆಗೆದು ಸ್ವಚ್ಛಗೊಳಿಸೋಣ. ಕರಿದ ಎಣ್ಣೆಯನ್ನು ಮೋರಿಗೆ ಸುರಿಯದೆ ಬಯೋಡೀಸೆಲ್‌ಗಾಗಿ ಕೊಳ್ಳುವ ಅಧಿಕೃತರಿಗೆ ಕೊಡೋಣ. ಇದಕ್ಕೆ ಎಫ್‌ಎಸ್‌ಎಸ್‌ಎಐ 2018ರಲ್ಲೇ ವ್ಯವಸ್ಥೆ ಮಾಡಿದೆ. ಮಾಡಿದ್ದುಣ್ಣೋ ಮಹಾರಾಯ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ. ಆದರೆ ನಾವು ಮೋರಿಗೆ ಬಿಟ್ಟದ್ದನ್ನು ಉಣ್ಣುವವರಲ್ಲಿ ನಮ್ಮನ್ನು ನಂಬಿ ಬಂದ ಗಿರಾಕಿಯೂ ಇದ್ದಾನೆ.