ಹೊರಳುವ ನೆಲ: ಎರೆ ಹೊಲದಲ್ಲಿ ಲ್ಯಾಟಿನ್ ಪದಗಳು

ಮಕ್ಕಳೇ, ಚಿಕ್ಕನರಗುಂದದ ಸುತ್ತಲಿನ ಎರೆ ಹೊಲಗಳನ್ನು ಬೇಸಿಗೆಯಲ್ಲಿ ನೋಡಿದ್ದೀರಲ್ಲವೇ? ನೆಲವೆಲ್ಲ ಬಾಯಿ ಬಿಟ್ಟು, ಬಿರುಕಿನೊಳಗೆ ಕೈ ಹಿಡಿಸುವಂತಿರುತ್ತದೆ. ಇಂತಹ ಮಣ್ಣಿಗೆ ವಿಜ್ಞಾನಿಗಳು ಇಟ್ಟ ಹೆಸರು 'ವರ್ಟಿಸಾಲ್'. ಕೇಳಿದೊಡನೆ ಕಷ್ಟದ ಪದ ಎನಿಸುತ್ತದೆ. ಆದರೆ ಅದನ್ನು ಬಿಡಿಸಿ ನೋಡಿ, ಮಣ್ಣಿನ ಗುಣವೇ ಅದರಲ್ಲಿ ಅಡಗಿದೆ.

ಪ್ರಾಚೀನ ರೋಮನ್ನರ ಭಾಷೆ ಲ್ಯಾಟಿನ್. ಅದರಲ್ಲಿ 'ವರ್ಟೆರೆ' ಎಂದರೆ ತಿರುಗಿಸು, ಹೊರಳಿಸು. 'ಸೋಲಮ್' ಎಂದರೆ ನೆಲ. ವರ್ಟಿಸಾಲ್ ಎಂದರೆ ಹೊರಳುವ ನೆಲ!

ನೆಲ ಹೊರಳುವುದು ಹೇಗೆ? ಎರೆ ಮಣ್ಣಿನಲ್ಲಿ ಜೇಡಿಯ ಅಂಶ ಹೆಚ್ಚು. ಅದು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಮೇಲಿನ ಪುಡಿಮಣ್ಣು ಬಿರುಕಿಗೆ ಬೀಳುತ್ತದೆ. ಮಳೆ ಬಂದಾಗ ಕೆಳಗಿನ ಮಣ್ಣು ಉಬ್ಬಿ, ಜಾಗ ಸಾಲದೆ ಮೇಲಕ್ಕೆ ಒತ್ತುತ್ತದೆ. ಹೀಗೆ ವರ್ಷದಿಂದ ವರ್ಷಕ್ಕೆ ಮೇಲಿನದು ಕೆಳಗೆ, ಕೆಳಗಿನದು ಮೇಲೆ ಬರುತ್ತದೆ. ಅದಕ್ಕೇ ಈ ಹೆಸರು.

ಒಂದು ಬೇರು, ಹಲವು ಪದ

'ವರ್ಟ್' ಎಂಬ ಬೇರು ಗೊತ್ತಾದರೆ ಇನ್ನಷ್ಟು ಪದಗಳ ಬಾಗಿಲು ತೆರೆಯುತ್ತದೆ.

• ರಿವರ್ಸ್: 'ರಿ' ಎಂದರೆ ಹಿಂದಕ್ಕೆ. ಟ್ರ್ಯಾಕ್ಟರ್ ಹಿಂದಕ್ಕೆ ಚಲಿಸುವುದು ರಿವರ್ಸ್ ಗೇರಿನಲ್ಲಿ.
• ಡೈವರ್ಶನ್: 'ಡೈ' ಎಂದರೆ ಬೇರೆ ಕಡೆಗೆ. ರಸ್ತೆ ಕೆಲಸ ನಡೆಯುವಲ್ಲಿ ಈ ಫಲಕ ಇರುತ್ತದೆ.
• ಇನ್ವರ್ಟರ್: ಬ್ಯಾಟರಿಯ ನೇರ ವಿದ್ಯುತ್ತನ್ನು ಪರ್ಯಾಯ ವಿದ್ಯುತ್ತಾಗಿ ಬದಲಿಸುವ ಸಾಧನ.

ಈ ಕ್ರಮ ನಮಗೆ ಹೊಸದಲ್ಲ. ಆಹಾರ, ವಿಹಾರ, ಪ್ರಹಾರ, ಪರಿಹಾರ ಎಂಬ ಪದಗಳನ್ನು ನೋಡಿ. ಮೂಲ ಒಂದೇ, ಮುಂದೆ ಸೇರಿದ ಉಪಸರ್ಗ ಬದಲಾದಂತೆ ಅರ್ಥವೂ ಬದಲಾಯಿತು. ವ್ಯಾಕರಣದಲ್ಲಿ ಕಲಿತ ಈ ಉಪಾಯವನ್ನೇ ಇಂಗ್ಲಿಷಿಗೂ ಬಳಸಬಹುದು.

ಏಕೆ ಲ್ಯಾಟಿನ್?

ಯುರೋಪಿನ ವಿದ್ವಾಂಸರು ಬಹಳ ಕಾಲ ಲ್ಯಾಟಿನ್‌ನಲ್ಲಿಯೇ ಬರೆಯುತ್ತಿದ್ದರು. ನ್ಯೂಟನ್ ಚಲನೆಯ ನಿಯಮಗಳನ್ನು ವಿವರಿಸಿದ 1687ರ ಗ್ರಂಥವೂ ಲ್ಯಾಟಿನ್‌ನಲ್ಲಿದೆ. ಹೀಗಾಗಿ ವಿಜ್ಞಾನದ ಅನೇಕ ಪದಗಳ ಬೇರು ಅಲ್ಲಿದೆ.

ಇದು ನಿಮಗೇಕೆ ಮುಖ್ಯ? ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ವಿಜ್ಞಾನ ಓದಿದವರಿಗೆ ಪಿ.ಯು.ಸಿ.ಯಲ್ಲಿ ಅದೇ ವಿಜ್ಞಾನ ಇಂಗ್ಲಿಷಿನಲ್ಲಿ ಎದುರಾಗುತ್ತದೆ. ವಿಷಯ ಗೊತ್ತಿದ್ದರೂ ಪದಗಳಿಗೆ ಹೆದರಿ ವಿಜ್ಞಾನವನ್ನೇ ಕೈಬಿಡುವ ಜಾಣ ಮಕ್ಕಳಿದ್ದಾರೆ. ನೂರು ಪದ ಬಾಯಿಪಾಠ ಮಾಡುವುದಕ್ಕಿಂತ ಹತ್ತು ಬೇರುಗಳನ್ನು ತಿಳಿಯುವುದು ಸುಲಭ.

ಜರಿಗೆ ಎಷ್ಟು ಕಾಲು?

ಕಲ್ಲು ಎತ್ತಿದಾಗ ಸರಸರನೆ ಓಡುವ ಜರಿಗೆ ಇಂಗ್ಲಿಷಿನಲ್ಲಿ 'ಸೆಂಟಿಪೀಡ್' ಎನ್ನುತ್ತಾರೆ. 'ಸೆಂಟಮ್' ಎಂದರೆ ನೂರು. ಕಾಲಿಗೆ 'ಪೆಸ್' ಎನ್ನುತ್ತಾರೆ, ಅದರ ಬೇರು 'ಪೆಡ್'. ನಮ್ಮ ಪಠ್ಯದ 'ಶತಪದಿ'ಯೂ ಅದನ್ನೇ ಹೇಳುತ್ತದೆ. 'ಪೆಡ್' ಮತ್ತು ಸಂಸ್ಕೃತದ 'ಪಾದ' ಕೇಳಲು ಒಂದೇ ರೀತಿ ಇವೆಯಲ್ಲ? ಹಲ್ಲಿಗೆ ಲ್ಯಾಟಿನ್‌ನಲ್ಲಿ 'ಡೆಂಟ್', ಸಂಸ್ಕೃತದಲ್ಲಿ 'ದಂತ'. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಮೂಲದಿಂದ ಬಂದಿರಬೇಕೆಂದು ವಿಲಿಯಂ ಜೋನ್ಸ್ 1786ರಲ್ಲಿ ಕೋಲ್ಕತ್ತದಲ್ಲಿ ಹೇಳಿದರು. ಕನ್ನಡ ದ್ರಾವಿಡ ಭಾಷೆ. ನಮ್ಮ ಅಚ್ಚ ಪದಗಳು ಹಲ್ಲು, ಕಾಲು.

ಆದರೆ ಹೆಸರನ್ನೇ ನಂಬಿ ಕಾಲು ಎಣಿಸಬೇಡಿ! ಜರಿಯ ಕಾಲುಗಳ ಜೊತೆಗಳು ಸಾಮಾನ್ಯವಾಗಿ ಬೆಸ ಸಂಖ್ಯೆಯಲ್ಲಿರುತ್ತವೆ. ನೂರು ಕಾಲೆಂದರೆ 50 ಜೊತೆ, ಅದು ಸಮ ಸಂಖ್ಯೆ. ಹಾಗಾಗಿ ಸರಿಯಾಗಿ ನೂರು ಕಾಲಿನ ಜರಿ ಸಿಗುವುದು ಅಪರೂಪ.

ಎಚ್ಚರ!

ಒಂದೇ ರೀತಿ ಕೇಳಿಸುವ ಪದಗಳೆಲ್ಲ ಒಂದೇ ಬೇರಿನವಲ್ಲ. 'ಪೀಡಿಯಾಟ್ರಿಕ್ಸ್' ಕಾಲಿನ ವೈದ್ಯಶಾಸ್ತ್ರವಲ್ಲ, ಮಕ್ಕಳ ವೈದ್ಯಶಾಸ್ತ್ರ. ಅದು ಮಗು ಎಂಬ ಅರ್ಥದ ಗ್ರೀಕ್ ಪದದಿಂದ ಬಂದಿದೆ. ಊಹಿಸಿರಿ, ಆದರೆ ನಿಘಂಟು ನೋಡಿ ಖಚಿತಪಡಿಸಿಕೊಳ್ಳಿ.

ಮಾಡಿ ನೋಡಿ

1. ಕಡಲೆಯ ವೈಜ್ಞಾನಿಕ ಹೆಸರು 'ಸೈಸರ್ ಏರಿಯೆಟಿನಮ್'. 'ಏರೀಸ್' ಎಂದರೆ ಟಗರು. ನಾಲ್ಕು ಕಡಲೆಕಾಳುಗಳನ್ನು ಅಂಗೈಯಲ್ಲಿಟ್ಟು ಕೊಕ್ಕಿನ ಭಾಗವನ್ನು ಪಕ್ಕದಿಂದ ನೋಡಿ. ಟಗರಿನ ತಲೆ ಕಾಣುತ್ತದೆಯೇ? ಚಿತ್ರ ಬರೆಯಿರಿ.
2. ಕುಸುಬಿಯ ಹೆಸರು 'ಕಾರ್ತಮಸ್ ಟಿಂಕ್ಟೋರಿಯಸ್'. ಎರಡನೆಯ ಪದ ಬಣ್ಣ ಹಾಕುವುದಕ್ಕೆ ಸಂಬಂಧಿಸಿದ್ದು. ಕುಸುಬಿಯ ಒಣ ಹೂದಳಗಳನ್ನು ಬಿಸಿನೀರಿನಲ್ಲಿ ನೆನೆಸಿ, ನೀರಿನ ಬಣ್ಣ ಗಮನಿಸಿ. ಬಿಸಿನೀರನ್ನು ಶಿಕ್ಷಕರಿಂದ ಹಾಕಿಸಿಕೊಳ್ಳಿ.
3. ಸೆಂಟಿಮೀಟರ್, ಪರ್ಸೆಂಟ್, ಸೆಂಚುರಿ: ಇವುಗಳಲ್ಲಿ ಅಡಗಿರುವ ಸಂಖ್ಯೆ ಯಾವುದು?
4. ಸೈಕಲ್ಲಿನ ಯಾವ ಭಾಗದ ಹೆಸರಿನಲ್ಲಿ 'ಪೆಡ್' ಇದೆ? ಏಕೆ?

(ಉತ್ತರ: 3. ನೂರು. 4. ಪೆಡಲ್, ಅದನ್ನು ಕಾಲಿನಿಂದ ತುಳಿಯುತ್ತೇವೆ.)