ಅಕ್ಷರ ಬಾರದ ಮನೆಗೆ ಎಂಥ ಗೃಹಕಾರ್ಯ?

ಬೋಧನಾಭ್ಯಾಸದ ಶಾಲೆಯಲ್ಲಿ ಪೋಷಕರ ಸಭೆ ನಡೆದರೆ ಪ್ರಶಿಕ್ಷಣಾರ್ಥಿಗಳಿಗೆ ಎದುರಾಗುವ ಮಾತೊಂದಿದೆ: “ನಮ್ಗೇ ಓದಕ್ ಬರಲ್ಲ ಮೇಡಂ, ಮನೇಲಿ ಮಗೂಗೆ ಏನಂತ ಹೇಳ್ಕೊಡದು?” ಇದಕ್ಕೆ ಸಾಮಾನ್ಯವಾಗಿ ಸಿಗುವ ಉತ್ತರ, “ದಿನಾ ಒಂದು ಗಂಟೆ ಓದೋಕೆ ಕೂರಿಸಿ” ಎಂಬುದು. ಹಾಗೆ ಹೇಳಿದರೆ ಆ ತಾಯಿಗೆ ಸಿಗುವುದು ಕಾವಲು ಕಾಯುವ ಕೆಲಸ ಮಾತ್ರ. ಮಗು ತಡವರಿಸಿದರೆ ಏನು ಮಾಡಬೇಕೆಂದು ಅವರಿಗೆ ತಿಳಿಯದು. ಕೊನೆಗೆ ಬೈಗುಳವೋ ಏಟೋ ಬೀಳುತ್ತದೆ, ಪುಸ್ತಕವೆಂದರೆ ಮಗು ಮುದುಡಿಕೊಳ್ಳುತ್ತದೆ. ಅವರ ಪ್ರಶ್ನೆಗೆ ಸರಿಯಾದ ಉತ್ತರ ಕೊಡುವುದು ನಮ್ಮ ಪಾಠಯೋಜನೆಯ ಭಾಗವಾಗಬೇಕು.

ಮೊದಲು ಕೆಲಸವನ್ನು ಹಂಚಿಕೊಳ್ಳೋಣ. ಅಕ್ಷರ ಕಲಿಸುವುದು ಶಾಲೆಯ ಹೊಣೆ. ಕನ್ನಡದ ವರ್ಣಮಾಲೆಯಲ್ಲಿ 49 ಅಕ್ಷರಗಳೆಂದು ನಾವು ಹೇಳುತ್ತೇವಾದರೂ ಗುಣಿತಾಕ್ಷರ, ಒತ್ತಕ್ಷರಗಳು ಸೇರಿದರೆ ಮಗು ಗುರುತಿಸಬೇಕಾದ ರೂಪಗಳು ನೂರಾರು. ‘ಅಕ್ಕ’ದಲ್ಲಿ ಒತ್ತು ಮೂಲ ಅಕ್ಷರವನ್ನೇ ಹೋಲುತ್ತದೆ, ‘ಅಮ್ಮ’ ಮತ್ತು ‘ಅತ್ತೆ’ಗಳಲ್ಲಿ ಹೋಲುವುದಿಲ್ಲ, ‘ಸೂರ್ಯ’ದ ಅರ್ಕಾವೊತ್ತು ಬರೆಯುವ ಜಾಗವೇ ಬೇರೆ. ಕನ್ನಡ ಮಕ್ಕಳ ಓದನ್ನು ಅಧ್ಯಯನ ಮಾಡಿದ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಈ ಕಲಿಕೆ ಆರಂಭದ ತರಗತಿಗಳಲ್ಲೇ ಮುಗಿಯದೆ ಮುಂದಿನ ವರ್ಷಗಳಿಗೂ ಸಾಗುವುದನ್ನು ತೋರಿಸಿದ್ದಾರೆ. ಎರಡನೆಯ ತರಗತಿಯ ಮಗು ‘ಪುಸ್ತಕ’ವನ್ನು ಬಿಡಿಸಿ ಬಿಡಿಸಿ ಓದಿದರೆ ಅದು ದಡ್ಡತನವಲ್ಲ ಎಂಬ ಒಂದು ಮಾತನ್ನು ಪೋಷಕರಿಗೆ ಹೇಳಿದರೂ ಸಾಕು, ಮನೆಯಲ್ಲಿ ಅರ್ಧ ಏಟು ಉಳಿಯುತ್ತದೆ.

ಮನೆಯವರೇ ಅಕ್ಷರ ಕಲಿಸಲು ಹೊರಟಾಗ ಇನ್ನೊಂದು ತೊಡಕೂ ಇದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿಕಲಿ ಪದ್ಧತಿಯಲ್ಲಿ ಅಕ್ಷರಗಳು ‘ಅ ಆ ಇ ಈ’ ಕ್ರಮದಲ್ಲಿ ಬರುವುದಿಲ್ಲ. ರ, ಗ, ಸ, ದ, ಅ ಮೊದಲು ಬರುತ್ತವೆ, ಏಕೆಂದರೆ ಅಷ್ಟರಲ್ಲೇ ಸರ, ಅರಸ, ಅಗಸ, ಗರಗಸ ಎಂದು ಓದಬಹುದು. ಇದು ಗೊತ್ತಿಲ್ಲದ ಅಣ್ಣನೋ ಚಿಕ್ಕಪ್ಪನೋ “ಇನ್ನೂ ಆ, ಈ ಬರಲ್ವಾ?” ಎಂದು ಗದರಿಸಿದರೆ ಮಗು ಎರಡು ಕಡೆಯೂ ಸಿಕ್ಕಿಕೊಳ್ಳುತ್ತದೆ.

ಹಾಗಾದರೆ ಮನೆಯ ಪಾಲಿಗೆ ಉಳಿಯುವುದು ಏನು? ಮಾತು. ಇದನ್ನು ಸಮಾಧಾನಕ್ಕಾಗಿ ಹೇಳುತ್ತಿಲ್ಲ. ಓದುವಾಗ ಮಗು ಅಕ್ಷರಗಳನ್ನು ಕೂಡಿಸಿ ಒಂದು ಶಬ್ದ ಮಾಡಿಕೊಂಡ ಮೇಲೆ ಆ ಶಬ್ದ ಮೊದಲೇ ಕಿವಿಗೆ ಬಿದ್ದಿದ್ದರೆ ಮಾತ್ರ ಅರ್ಥ ತಟ್ಟನೆ ಹೊಳೆಯುತ್ತದೆ. ‘ಮೊದಲು’, ‘ಆಮೇಲೆ’, ‘ಅದಕ್ಕೇ’, ‘ಆದ್ರೆ’ ಎಂದು ಘಟನೆಗಳನ್ನು ಜೋಡಿಸಿ ಹೇಳಿ ರೂಢಿಯಿರುವ ಮಗುವಿಗೆ ಪಾಠದ ಮೂರನೆಯ ವಾಕ್ಯ ಎರಡನೆಯದಕ್ಕೆ ಹೇಗೆ ಅಂಟಿಕೊಂಡಿದೆ ಎಂಬುದು ಕಾಣುತ್ತದೆ. ಸರಾಗವಾಗಿ ಓದಿಯೂ “ಏನಾಯ್ತು ಹೇಳು” ಎಂದರೆ ಸುಮ್ಮನೆ ನಿಲ್ಲುವ ಮಕ್ಕಳನ್ನು ನಾವೆಲ್ಲ ತರಗತಿಯಲ್ಲಿ ನೋಡುತ್ತೇವೆ. ಇಂಥ ಎಷ್ಟೋ ಮಕ್ಕಳಿಗೆ ಕೊರತೆಯಿರುವುದು ಅಕ್ಷರದ್ದಲ್ಲ.

ಆದರೆ ಎಲ್ಲ ಮಾತೂ ಈ ಕೆಲಸ ಮಾಡುವುದಿಲ್ಲ. “ಇವತ್ತು ಸ್ಕೂಲಲ್ಲಿ ಏನ್ ಕಲ್ತೆ?” ಎಂದರೆ “ಏನೂ ಇಲ್ಲ” ಎಂದು ಬರುತ್ತದೆ, ಮಾತು ಅಲ್ಲಿಗೆ ಮುಗಿಯಿತು. ಹೀಗೆ ಕೇಳಿದರೆ ಬೇರೆಯಾಗುತ್ತದೆ:

“ಮಧ್ಯಾಹ್ನ ಊಟಕ್ಕೆ ಏನ್ ಮಾಡಿದ್ರು ಮಗಾ?”
“ಸಾಂಬಾರು. ನಾಯಿ ಬಂತು.”
“ನಾಯಿ ಊಟದ್ ಹತ್ರಕ್ಕೇ ಬಂತಾ! ಎಲ್ಲಿಂದ ಬಂತು?”
“ಗೇಟ್ ತೆಗ್ದಿತ್ತು, ಅದಕ್ಕೇ ನುಗ್ತು.”
“ಆಮೇಲೆ?”

ಇಲ್ಲಿ ತಾಯಿ ಮಾಡಿದ್ದು ಎರಡೇ. ಮಗುವಿನ ಎರಡು ಶಬ್ದದ ಮಾತನ್ನು ಕೊಂಚ ಉದ್ದ ಮಾಡಿ ಮರಳಿಸಿದರು; ಹೌದು–ಇಲ್ಲದಲ್ಲಿ ಮುಗಿಯದ ಪ್ರಶ್ನೆ ಕೇಳಿದರು. ಮುದ್ದೆ ತಿರುವುತ್ತಲೇ ಮಾಡಬಹುದಾದ ಕೆಲಸ ಇದು. ಅಮೆರಿಕದಲ್ಲಿ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪೋಷಕರಿಗೆ ಕಲಿಸಿದ್ದೂ ಹೆಚ್ಚುಕಡಿಮೆ ಇದನ್ನೇ, ಚಿತ್ರಪುಸ್ತಕ ಹಿಡಿದು. ಒಂದು ತಿಂಗಳಲ್ಲಿ ಆ ಪುಟ್ಟ ಮಕ್ಕಳ ಮಾತಿನಲ್ಲಿ ವ್ಯತ್ಯಾಸ ಕಂಡಿತ್ತು. ಆ ಮನೆಗಳಲ್ಲಿ ಪುಸ್ತಕಗಳಿದ್ದವು ಎಂಬುದನ್ನು ಮರೆಯಬಾರದು. ನಮ್ಮಲ್ಲಿ ಪಠ್ಯಪುಸ್ತಕದ ಚಿತ್ರಗಳಿಂದಲೇ ಶುರುಮಾಡಬೇಕು. ಮಗು ಓದಿ ತೋರಿಸಲಿ, ತಾಯಿ ಕೇಳಲಿ, “ಈ ಹುಡ್ಗ ಯಾಕೆ ಅಳ್ತಾವ್ನೆ?” ಎಂದು ಕೇಳಲು ಅಕ್ಷರ ಬೇಕಿಲ್ಲ. ಓದು ತಿಳಿಯದ ತಾಯಿಯ ಈ ಪ್ರಶ್ನೆ ನಿಜವಾದ ಪ್ರಶ್ನೆ. ನಮ್ಮದಾದರೆ ಪರೀಕ್ಷೆಯೆಂದು ಮಗುವಿಗೆ ಗೊತ್ತಾಗಿಬಿಡುತ್ತದೆ.

ಆಡುನುಡಿಯ ಬಗ್ಗೆ ಒಂದು ಎಚ್ಚರಿಕೆ. ಮಂಡ್ಯ, ಮೈಸೂರು ಕಡೆಯ ಎಷ್ಟೋ ಮಕ್ಕಳು ‘ಹಾಲು’ ಎಂಬುದನ್ನು ‘ಆಲು’ ಎಂದೇ ಓದುತ್ತಾರೆ. ಆ ಮಗುವಿಗೆ ಅರ್ಥವಾಗಿದೆ. ಹಕಾರವನ್ನು ಬರವಣಿಗೆಯ ಪಾಠದಲ್ಲಿ ನೋಡಿಕೊಳ್ಳಬಹುದು, ಕತೆಯ ನಡುವೆ ತಡೆಯಬಾರದು. ಮನೆಮಾತು ತುಳು, ಉರ್ದು ಅಥವಾ ಲಂಬಾಣಿಯಾಗಿದ್ದರೆ ಕತೆ ಆ ಭಾಷೆಯಲ್ಲೇ ನಡೆಯಲಿ. “ಮನೇಲೂ ಕನ್ನಡಾನೇ ಮಾತಾಡಿ” ಎಂಬ ಸಲಹೆ, ನನ್ನ ಅಭಿಪ್ರಾಯದಲ್ಲಿ, ಮಾತೇ ಕಡಿಮೆಯಾಗುವಂತೆ ಮಾಡುತ್ತದೆ.

ಮನೆಯಲ್ಲಿ ಪುಸ್ತಕವಿಲ್ಲದಿದ್ದರೂ ಬರಹ ಇದ್ದೇ ಇರುತ್ತದೆ: ಹಾಲಿನ ಪ್ಯಾಕೆಟ್ಟು, ಕ್ಯಾಲೆಂಡರು, ಲಗ್ನಪತ್ರಿಕೆ, ಪಡಿತರ ಚೀಟಿ. ‘ನಂದಿನಿ’ ಎಂಬ ಮೂರಕ್ಷರದಲ್ಲಿ ‘ನ’ ಎರಡು ವೇಷದಲ್ಲಿದೆ. ಎಲ್ಲಿದೆಯೆಂದು ಮಗುವೇ ಅಜ್ಜಿಗೆ ತೋರಿಸಲಿ. ಮೊಬೈಲ್ ಇರುವ ಮನೆಗಳಿಗೆ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ತಾಣದಲ್ಲಿ ಕನ್ನಡ ಕತೆಗಳು ಹಂತವಾರು ಉಚಿತವಾಗಿ ಸಿಗುತ್ತವೆ.

ಇಷ್ಟಾದರೂ ಮಾತೇ ಹೊರಡದ, ಹಿಂದಿನಿಂದ ಕರೆದರೆ ತಿರುಗದ ಮಗುವಿದ್ದರೆ ಅದು ಗೃಹಕಾರ್ಯದ ವಿಷಯವಲ್ಲ. ಮುಖ್ಯಶಿಕ್ಷಕರ ಮೂಲಕ ಕಿವಿ ಪರೀಕ್ಷೆ ಮಾಡಿಸಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರುವುದೇ ಇಂಥದ್ದಕ್ಕೆ.

ಈಗ ಪಾಠಯೋಜನೆಯ ಕೊನೆಯ ಅಂಕಣಕ್ಕೆ ಬರೋಣ. ‘ಪಾಠವನ್ನು ಎರಡು ಸಲ ನಕಲು ಮಾಡಿಕೊಂಡು ಬರುವುದು’ ಎಂಬುದರ ಬದಲು ‘ಪಾಠದ ಕತೆಯನ್ನು ಮನೆಯಲ್ಲಿ ಒಬ್ಬರಿಗೆ ಹೇಳಿ, ಅವರು ಕೇಳಿದ ಒಂದು ಪ್ರಶ್ನೆಯನ್ನು ನೆನಪಿಟ್ಟುಕೊಂಡು ಬರುವುದು’ ಎಂದು ಬರೆದು ನೋಡಿ. ಮರುದಿನದ ಮೊದಲ ಐದು ನಿಮಿಷವನ್ನು ಆ ಪ್ರಶ್ನೆಗಳಿಗೇ ಮೀಸಲಿಡಿ. ಒಂದೆರಡನ್ನು ಮಗು ಹೇಳಿದ ಮಾತಿನಲ್ಲೇ ಕಪ್ಪುಹಲಗೆಯ ಮೇಲೆ ಬರೆದರೆ ಅಂದಿನ ಓದಿನ ಪಾಠವೂ ಅಲ್ಲಿಂದಲೇ ಆರಂಭವಾಗಬಹುದು.